ಸಾತ್ವಿಕತೆಯನ್ನು ರೂಢಿಸಿಕೊಳ್ಳುವುದು ಹೇಗೆ: ಮುಂಬೈಯ ಕನ್ನಡ ವಿಶ್ವಾಸಿಗಳಿಗೆ ಒಂದು ಮಾರ್ಗದರ್ಶಿ

"ಇಲ್ಲಿ ಸಾಧುವಾಗಿದ್ದರೆ ನುಂಗಿ ನೀರು ಕುಡಿಯುತ್ತಾರೆ." ಊರಿಂದ ಮುಂಬೈಗೆ ಹೊಸದಾಗಿ ಬಂದವರಿಗೆ ಹಿರಿಯರು ಹೇಳುವ ಬುದ್ಧಿಮಾತು ಇದು. ಅವರು ಸುಳ್ಳು ಹೇಳುತ್ತಿಲ್ಲ. ಲೋಕಲ್ ಗಾಡಿಯ ಬಾಗಿಲಲ್ಲಿ, ನೀರಿನ ಟ್ಯಾಂಕರ್ ಮುಂದೆ, ಸೊಸೈಟಿ ಮೀಟಿಂಗಿನಲ್ಲಿ ಮೆತ್ತಗಿರುವವರು ಹಿಂದೆ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಭಾನುವಾರ ಬಂದರೆ ಅದೇ ನಾವು, ಶಾಂತರು ಭೂಮಿಗೆ ಬಾಧ್ಯರಾಗುವರು ಎಂದು ಬೈಬಲಿನ ಮತ್ತಾಯ 5ನೇ ಅಧ್ಯಾಯ ಓದಿದಾಗ ಆಮೆನ್ ಹೇಳುತ್ತೇವೆ. ಒಂದೊಂದು ಚದರ ಅಡಿಗೂ ಜಗಳ ನಡೆಯುವ ಊರಿನಲ್ಲಿ ಈ ಮಾತನ್ನು ನಂಬಿ ಬಾಳುವುದು ಹೇಗೆ?

ಬೀದರ್, ಕಲಬುರಗಿ, ಯಾದಗಿರಿಯಿಂದ ಬಂದ ಮೆಥಡಿಸ್ಟ್ ಕುಟುಂಬಗಳು, ಮಂಗಳೂರು-ಉಡುಪಿಯಿಂದ ಬಂದ ಬಾಸೆಲ್ ಮಿಶನ್ ಮನೆತನಗಳು, ಇಲ್ಲೇ ಹುಟ್ಟಿ ಬೆಳೆದು ಹಿಂದಿ-ಮರಾಠಿ ಬೆರೆಸಿ ಕನ್ನಡ ಆಡುವ ನಮ್ಮ ಮಕ್ಕಳು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸಾತ್ವಿಕತೆ ಬಲಹೀನರ ಗುಣ ಎಂದು ನಾನು ನಂಬುವುದಿಲ್ಲ. ಅದಕ್ಕೆ ಬೇಕಾದಷ್ಟು ಎದೆಗಾರಿಕೆ ಕೂಗಾಟಕ್ಕೆ ಬೇಕಿಲ್ಲ. ಆದರೆ ಅದು ಪ್ರಸಂಗ ಕೇಳಿದರೆ ಬರುವುದಿಲ್ಲ, ರೂಢಿಯಿಂದ ಬರುತ್ತದೆ. ಆದ್ದರಿಂದ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಏಟು ಬಿದ್ದದ್ದು ಎಲ್ಲಿಗೆ?

ಸಿಟ್ಟು ಏರುತ್ತಿದೆ ಎಂದು ಗೊತ್ತಾದ ಕೂಡಲೇ ಬಾಯಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈಗ ಏಟು ಬಿದ್ದದ್ದು ನನ್ನ ಹಮ್ಮಿಗಾ, ಇನ್ನೊಬ್ಬರ ಹೊಟ್ಟೆಗಾ?

ಮೋಶೆಯನ್ನು ನೋಡಿ. ಅರಣ್ಯಕಾಂಡ 12ನೇ ಅಧ್ಯಾಯದಲ್ಲಿ ಅವನ ಸ್ವಂತ ಅಕ್ಕ ಮಿರ್ಯಾಮಳು, ಅಣ್ಣ ಆರೋನನು ಅವನ ಹೆಂಡತಿಯ ವಿಷಯ ಎತ್ತಿ ಆಡಿಕೊಳ್ಳುತ್ತಾರೆ. ಯೆಹೋವನು ಮೋಶೆಯ ಮೂಲಕ ಮಾತ್ರವೇ ಮಾತಾಡಿದನೋ ಎಂದು ಅವನ ಸ್ಥಾನವನ್ನೇ ಕೆಣಕುತ್ತಾರೆ. ಮೋಶೆ ಒಂದು ಮಾತೂ ಆಡುವುದಿಲ್ಲ. ಭೂಮಿಯ ಮೇಲಿದ್ದ ಎಲ್ಲರಿಗಿಂತ ಅವನು ಬಹು ಸಾತ್ವಿಕನು ಎಂಬ ಮಾತು ಬರುವುದು ಅಲ್ಲೇ. ಮಿರ್ಯಾಮಳಿಗೆ ತೊನ್ನು ಹತ್ತಿದಾಗ ಆಕೆಯನ್ನು ವಾಸಿಮಾಡು ಎಂದು ಮೊರೆಯಿಟ್ಟವನೂ ಅವನೇ. ಆದರೆ ಇದೇ ಮನುಷ್ಯ ಜನರ ಬಿಡುಗಡೆಗಾಗಿ ಫರೋಹನ ಅರಮನೆಗೆ ಮತ್ತೆ ಮತ್ತೆ ಹೋಗಿ ನಿಂತಿದ್ದಾನೆ. ಬಂಗಾರದ ಬಸವನನ್ನು ಕಂಡು ಕೋಪದಿಂದ ಕಲ್ಲಿನ ಹಲಗೆಗಳನ್ನು ಒಡೆದು ಹಾಕಿದ್ದಾನೆ. ಅವನ ಬಾಯಿಗೆ ಶಕ್ತಿ ಇರಲಿಲ್ಲ ಎಂದಲ್ಲ. ಆ ಶಕ್ತಿಯನ್ನು ತನ್ನ ಮಾನ ಉಳಿಸಿಕೊಳ್ಳಲು ಅವನು ಖರ್ಚು ಮಾಡಲಿಲ್ಲ.

ಯೇಸುವಿನಲ್ಲೂ ಇದೇ. ತನ್ನನ್ನು ಹೊಟ್ಟೆಬಾಕ, ಕುಡುಕ ಎಂದವರ ಮೇಲೆ ಅವನು ಜಗಳಕ್ಕೆ ಬೀಳಲಿಲ್ಲ. ಆದರೆ ಕೈಬತ್ತಿದವನನ್ನು ಮುಂದಿಟ್ಟುಕೊಂಡು, ಸಬ್ಬತ್ ದಿನ ಏನು ಮಾಡುತ್ತಾನೋ ನೋಡೋಣ ಎಂದು ಕಾಯುತ್ತಿದ್ದವರನ್ನು ಕೋಪದಿಂದ ಸುತ್ತಲೂ ನೋಡಿದನು ಎಂದು ಮಾರ್ಕನು ಬರೆದಿದ್ದಾನೆ. ಮಕ್ಕಳನ್ನು ತಡೆದ ಶಿಷ್ಯರ ಮೇಲೂ ಸಿಟ್ಟಾದನು.

ಇದನ್ನು ನಮ್ಮ ದಿನಕ್ಕೆ ತಂದುಕೊಳ್ಳಿ. ಸೊಸೈಟಿ ಮೀಟಿಂಗಿನಲ್ಲಿ ನಿಮ್ಮ ಹಿಂದಿಯನ್ನು ಯಾರೋ ಅಣಕಿಸಿದರು. ಬಿಟ್ಟುಬಿಡಿ. ಅದೇ ಮೀಟಿಂಗಿನಲ್ಲಿ ವಾಚ್‌ಮನ್ ಸಂಬಳದಲ್ಲಿ ರಜೆಯ ದಿನಗಳನ್ನು ಕತ್ತರಿಸೋಣ ಎಂದರು. ಆಗ ಎದ್ದು ನಿಲ್ಲಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತೇವೆ. ಅಣಕಿಸಿದ್ದಕ್ಕೆ ಅರ್ಧ ಗಂಟೆ ಜಗಳ, ವಾಚ್‌ಮನ್ ವಿಷಯ ಬಂದಾಗ ನಮಗ್ಯಾಕೆ ಎಂದು ಸುಮ್ನೆ ಕೂರುವುದು.

ಎರಡನೆಯದು: ಅನ್ಯಾಯ ನಿಮಗೇ ಆದಾಗ

ಹಮ್ಮಿಗೆ ಬಿದ್ದ ಏಟು ಬೇರೆ, ನಿಜವಾದ ಅನ್ಯಾಯ ಬೇರೆ. ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಯೇಸುವಿನ ಕೆನ್ನೆಗೆ ಹೊಡೆದಾಗ ಅವನು ಏನು ಮಾಡಿದನು? ಯೋಹಾನ 18ನೇ ಅಧ್ಯಾಯ ತೆಗೆದು ನೋಡಿ. ತಿರುಗಿ ಹೊಡೆಯಲಿಲ್ಲ, ಸುಮ್ಮನೂ ಇರಲಿಲ್ಲ. ನಾನು ಆಡಿದ್ದು ತಪ್ಪಾದರೆ ತೋರಿಸಿಕೊಡು, ಸರಿಯಾದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದನು. ಪೌಲನೂ ಹಾಗೆ. ವಿಚಾರಣೆಯಿಲ್ಲದೆ ಛಡಿಗಳಿಂದ ಹೊಡೆಸಿ ಸೆರೆಯಲ್ಲಿ ಹಾಕಿದ ಫಿಲಿಪ್ಪಿಯ ಅಧಿಕಾರಿಗಳು ಮರುದಿನ ಗುಟ್ಟಾಗಿ ಕಳಿಸಿಬಿಡಲು ನೋಡಿದಾಗ, ನಾವು ರೋಮಾಪುರದ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದನು. ನಡುರಾತ್ರಿ ಸೆರೆಯಲ್ಲಿ ಕೀರ್ತನೆ ಹಾಡಿದವನೇ ಬೆಳಿಗ್ಗೆ ಹಕ್ಕಿನ ಮಾತು ಆಡಿದನು.

ಅಂದರೆ ಪ್ರಶ್ನೆ ಕೇಳಬಹುದು, ಅರ್ಜಿ ಕೊಡಬಹುದು, ಕೋರ್ಟಿನ ಮೆಟ್ಟಿಲನ್ನೂ ಹತ್ತಬಹುದು. ಬಿಡಬೇಕಾದದ್ದು ಎದುರಿನವನು ಹಾಳಾಗಲಿ ಎಂಬ ಆಸೆಯನ್ನು. ಕೆಲಸದ ಜಾಗದಲ್ಲಿ ಸಂಬಳ ತಡೆದಿದ್ದರೆ ಏನು ಬಾಕಿ ಇದೆ, ಎಂದಿನಿಂದ ಎಂದು ಬರೆದು ಕೊಡಿ. ಬರವಣಿಗೆಯಲ್ಲಿ ಬೈಗುಳ ಬೇಡ, ತಾರೀಖು ಮತ್ತು ಮೊತ್ತ ಸಾಕು. ಬೈದು ಬರೆದ ಕಾಗದಕ್ಕಿಂತ ಅದಕ್ಕೇ ಬೆಲೆ ಜಾಸ್ತಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಂಡನಿಂದ ಪೆಟ್ಟು ತಿನ್ನುವ ಹೆಣ್ಣುಮಗಳಿಗೆ "ತಗ್ಗಿ ನಡಿಯಮ್ಮ, ಕರ್ತನು ನೋಡಿಕೊಳ್ಳುತ್ತಾನೆ" ಎಂದು ಹೇಳಿ ಕಳಿಸುವುದು ಸಾತ್ವಿಕತೆಯ ಬೋಧನೆ ಅಲ್ಲ. ಅದು ಪಾಪಕ್ಕೆ ಕಾವಲು ನಿಲ್ಲುವುದು. ಸ್ತ್ರೀ ಸಮಾಜದ ಅಕ್ಕಂದಿರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಮೊದಲು ಅವಳನ್ನೂ ಮಕ್ಕಳನ್ನೂ ಸುರಕ್ಷಿತವಾದ ಮನೆಗೆ ಕರೆದುಕೊಂಡು ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಇದೆ. ಪ್ರಾರ್ಥನೆಯನ್ನು ಅವಳ ಜೊತೆಗಿದ್ದು ಮಾಡಿ, ಅವಳನ್ನು ಹಿಂದಕ್ಕೆ ಕಳಿಸಿ ಅಲ್ಲ.

ರಮಾಬಾಯಿಯವರನ್ನು ಓದಿಕೊಳ್ಳಿ

ಸಾತ್ವಿಕತೆಯೂ ಗಟ್ಟಿತನವೂ ಒಬ್ಬರಲ್ಲೇ ಇರುವುದು ಹೇಗೆ ಎಂದು ನೋಡಬೇಕೆಂದರೆ ಪಂಡಿತಾ ರಮಾಬಾಯಿಯವರ ಬದುಕನ್ನು ಮನೆ ಪ್ರಾರ್ಥನೆಯಲ್ಲಿ ಒಂದು ಸಲವಾದರೂ ಹೇಳಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತದ ಪಂಡಿತರಿಂದ ಬಿರುದು ಪಡೆದವರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮುಂದೆ ಅದು ಪುಣೆಗೆ ಹೋಯಿತು. ಬರಗಾಲದ ವರ್ಷಗಳಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಸಾಕಿದರು. ಅದೇ ಮುಕ್ತಿ ಮಿಶನ್. ಕಲಬುರಗಿ ಕಡೆಯಿಂದ ಮುಂಬೈಗೆ ಬರುವ ನಮ್ಮವರ ಗಾಡಿ ದೌಂಡ್ ದಾಟಿದ ಮೇಲೆ ಆ ಸ್ಟೇಷನ್ ಹಾದೇ ಬರುತ್ತದೆ.

1897ರ ಪ್ಲೇಗ್ ಸಮಯದಲ್ಲಿ ಪುಣೆಯ ಆಸ್ಪತ್ರೆಯಲ್ಲಿ ಹೆಂಗಸರ ಪಾಡು ಕಂಡು, ಸರ್ಕಾರದ ವ್ಯವಸ್ಥೆಯನ್ನು ಟೀಕಿಸಿ ಅವರು ಪತ್ರಿಕೆಗೆ ಬರೆದರು. ಆಳುತ್ತಿದ್ದ ಬ್ರಿಟಿಷರೂ ತಮ್ಮ ಹಾಗೆ ಕ್ರೈಸ್ತರು ಎಂದು ಮೆತ್ತಗಾಗಲಿಲ್ಲ. ಅಂಥ ಪಂಡಿತೆ ತಮ್ಮ ಕೊನೆಯ ವರ್ಷಗಳನ್ನು ಕೊಟ್ಟದ್ದು ಯಾವ ಕೆಲಸಕ್ಕೆ? ಓದು ಬಾರದ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುವುದಕ್ಕೆ. ಮೂಲದಿಂದಲೇ ಅನುವಾದಿಸಬೇಕೆಂದು ಹೀಬ್ರೂ, ಗ್ರೀಕ್ ಕಲಿತರು. 1922ರಲ್ಲಿ ತೀರಿಕೊಂಡರು. ತಮ್ಮ ಸಂಸ್ಕೃತವನ್ನು ಮೆರೆಸಬಹುದಾಗಿದ್ದ ಕಡೆ ಬೇಕೆಂದೇ ಅದನ್ನು ಇಳಿಸಿಟ್ಟರಲ್ಲಾ, ನನಗೆ ಅವರ ಬದುಕಿನಲ್ಲಿ ತುಂಬ ಇಷ್ಟವಾಗುವುದು ಅದೇ.

ಗಾಡಿಯಲ್ಲಿ, ಮನೆಯಲ್ಲಿ

ದಿನದ ಅಭ್ಯಾಸಕ್ಕೆ ಲೋಕಲ್ ಗಾಡಿ ಒಳ್ಳೆಯ ಜಾಗ. ಮೂವರ ಸೀಟಿನಲ್ಲಿ ನಾಲ್ಕನೆಯವರು ಬಂದು ನಿಂತಾಗ ಅವರು ಕೇಳುವ ಮೊದಲೇ ಸರಿಯಿರಿ. ಫೋನ್ ನೋಡುತ್ತಾ ಕಾಣದವರ ಹಾಗೆ ಇರಬೇಡಿ. ನೀವು ಇಳಿಯುವ ಸ್ಟೇಷನ್ ಕೇಳಿ ಸೀಟು ಹಿಡಿದುಕೊಂಡವರು ಒಬ್ಬರು, ಕಾಲು ನೋವಿನಿಂದ ನಿಂತವರು ಇನ್ನೊಬ್ಬರು ಇದ್ದರೆ ಮೊದಲಿನವರ ಒಪ್ಪಿಗೆ ಕೇಳಿ ಎರಡನೆಯವರಿಗೆ ಕೊಡಿಸಿ. ಇಷ್ಟೇ. ಇದಕ್ಕೆ ಜಾಸ್ತಿ ವಿವರಣೆ ಬೇಡ.

ಮನೆಗೆಲಸಕ್ಕೆ ಬರುವ ಹೆಂಗಸು, ಮುಂಬೈಯವರು 'ಬಾಯಿ' ಎಂದು ಕರೆಯುವವರು, ಅವರ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕಲಬುರಗಿ, ವಿಜಯಪುರದ ಎಷ್ಟೋ ಹೆಂಗಸರು ಈ ನಗರದಲ್ಲಿ ಪಾತ್ರೆ ತಿಕ್ಕಿ ಮಕ್ಕಳನ್ನು ಓದಿಸುತ್ತಿದ್ದಾರೆ. ಅವರಲ್ಲಿ ನಮ್ಮ ಸಭೆಯವರೂ ಇರುತ್ತಾರೆ. ಯೋಹಾನ 13ರಲ್ಲಿ ಯೇಸು ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು ಮನೆಯಾಳಿನ ಕೆಲಸ. ಅದನ್ನು ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ಸಂಜೆ ನೆನೆಯುತ್ತೇವೆ, ಕೆಲವು ಸಭೆಗಳಲ್ಲಿ ಕಾಲು ತೊಳೆಯುವುದೂ ಉಂಟು. ಅಷ್ಟಾಗಿಯೂ ಮನೆಯಲ್ಲಿ ಬಾಯಿಗೆ ಬೇರೆ ಲೋಟ ಇಟ್ಟಿದ್ದರೆ ಆ ನೆನಪಿಗೆ ಅರ್ಥವೇನು? ಇವತ್ತೇ ಆ ಲೋಟವನ್ನು ಎಲ್ಲದರ ಜೊತೆ ಬೆರೆಸಿಬಿಡಿ. ನಿಮಗಿಂತ ವಯಸ್ಸಿನಲ್ಲಿ ದೊಡ್ಡವರಾದರೆ ಬಹುವಚನದಲ್ಲಿ ಮಾತಾಡಿಸಿ, ಮಕ್ಕಳಿಗೂ ಹಾಗೇ ಕಲಿಸಿ. ಹಬ್ಬಕ್ಕೆ ಬೋನಸ್ ಕೊಡುವಾಗ ದಾನದ ಮುಖ ಬೇಡ, ಅದು ಅವರು ದುಡಿದದ್ದು.

ಸಭೆಯೊಳಗೆ

ಹೊರಗಿನವರ ಮುಂದೆ ತಗ್ಗುವುದು ಸುಲಭ. ನಮ್ಮವರ ಮುಂದೆ ತಗ್ಗುವುದೇ ಕಷ್ಟ. ಮುಂಬೈಯಲ್ಲಿ ಎಷ್ಟೋ ಕನ್ನಡ ಸಭೆಗಳಿಗೆ ಸ್ವಂತ ಕಟ್ಟಡ ಇಲ್ಲ. ಒಂದೇ ಗುಡಿಯಲ್ಲಿ ಒಂದು ಹೊತ್ತಿಗೆ ಇಂಗ್ಲಿಷ್ ಆರಾಧನೆ, ಇನ್ನೊಂದು ಹೊತ್ತಿಗೆ ಮರಾಠಿ ಅಥವಾ ತಮಿಳು, ಮತ್ತೊಂದು ಹೊತ್ತಿಗೆ ನಮ್ಮದು. ಹಿಂದಿನವರ ಆರಾಧನೆ ಹತ್ತು ನಿಮಿಷ ಉದ್ದವಾದರೆ ಸಾಕು, ಬಾಗಿಲಲ್ಲಿ ಗೊಣಗಾಟ ಶುರು. ಇಲ್ಲಿ ಮಾಡಬೇಕಾದದ್ದು ಇದು. ಹೊರಗೆ ಬರುವವರಿಗೆ ನಮಸ್ಕಾರ ಹೇಳಿ ದಾರಿ ಬಿಡಿ. ನಮ್ಮ ಆರಾಧನೆಯನ್ನು ಮಾತ್ರ ಸಮಯಕ್ಕೆ ಮುಗಿಸಿ. ಕುರ್ಚಿ ಜೋಡಿಸಿ, ಫ್ಯಾನ್ ಆರಿಸಿ ಹೋಗಿ. ಮುಂದಿನವರು ಬಂದಾಗ ಜಾಗ ಚೊಕ್ಕವಾಗಿರಲಿ. ತಡ ನಿಜವಾಗಿ ಪ್ರತಿ ವಾರದ ತೊಂದರೆಯಾಗಿದ್ದರೆ ಎರಡೂ ಕಡೆಯ ಸಭಾಪಾಲಕರು ಕೂತು ಮಾತಾಡಲಿ. ಬಾಗಿಲಲ್ಲಿ ನಿಂತವರು ಅದನ್ನು ತೀರ್ಮಾನಿಸುವುದು ಬೇಡ.

ಇನ್ನೊಂದು ವಿಷಯವನ್ನು ನಾವು ಬಾಯಿಬಿಟ್ಟು ಮಾತಾಡುವುದಿಲ್ಲ. ನಮ್ಮ ಸಭೆಗಳಲ್ಲಿ ಕರಾವಳಿಯ ಕನ್ನಡ ಇದೆ, ಕಲಬುರಗಿ ಕನ್ನಡ ಇದೆ. ಫ್ಲ್ಯಾಟ್ ಇರುವವರಿದ್ದಾರೆ, ಝೋಪಡಪಟ್ಟಿಯಿಂದ ಬರುವವರಿದ್ದಾರೆ. ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹುಡುಕುವ ಅಣ್ಣ "ಯಪ್ಪಾ ದೇವ್ರೇ, ನಮ್ಮನ್ನ ಕೈ ಬಿಡಬ್ಯಾಡ" ಎಂದು ಪ್ರಾರ್ಥಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದುಕೊಳ್ಳುತ್ತಾರೆ. ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸಿದವರಿಗೆ ಮಾತ್ರ "ಎಷ್ಟು ಚೆನ್ನಾಗಿ ಪ್ರಾರ್ಥಿಸಿದ್ರಿ" ಎಂಬ ಮಾತು ಸಿಗುತ್ತದೆ. ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಬಂಗಾರದ ಉಂಗುರದವನನ್ನೂ ಕೊಳಕು ಬಟ್ಟೆಯ ಬಡವನನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿ, ನಿಮ್ಮೊಳಗೆ ಭೇದ ಮಾಡಿದಿರಲ್ಲವೇ ಎಂದು ಕೇಳುವ ಪ್ರಶ್ನೆ ನಮಗೂ ಕೇಳಿದ್ದೇ.

ಆದ್ದರಿಂದ ಸಭೆಯ ಕಮಿಟಿಯವರು ಕೆಲವು ಕೆಲಸ ಮಾಡಬಹುದು. ವಾಕ್ಯ ಓದುವವರ ಪಟ್ಟಿ ತೆಗೆದು ನೋಡಿ, ವರ್ಷವಿಡೀ ಅದೇ ನಾಲ್ಕು ಮನೆಯವರ ಹೆಸರಿದ್ದರೆ ಬದಲಿಸಿ. ಓದಲು ಬಾರದವರಿಗೆ ಪ್ರಾರ್ಥನೆಯ ಜವಾಬ್ದಾರಿ ಕೊಡಿ. ಎರಡೂ ಕಡೆಯ ರಾಗಗಳಲ್ಲಿ ಹಾಡಿ, ನಮ್ಮ ಕಡೆಯ ರಾಗವೇ ಸರಿ ಎಂಬ ಹಟ ಬೇಡ. ಕೂಲಿಯಿಂದಲೋ ಮನೆಗೆಲಸದಿಂದಲೋ ನೇರವಾಗಿ ಬರುವವರು ತಡವಾಗಿ ಬಂದರೆ ಹುಬ್ಬು ಗಂಟಿಕ್ಕಬೇಡಿ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ತಿಂದು ಮುಗಿಸುತ್ತಿದ್ದರು, ಬಡವರು ಹಸಿದಿರುತ್ತಿದ್ದರು. ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಎಂದು ಪೌಲನು ಬರೆದದ್ದು ಕರ್ತನ ಭೋಜನದ ಮಾತಿನ ನಡುವೆ ಎಂಬುದು ನೆನಪಿರಲಿ. ಹಬ್ಬದ ಊಟದಲ್ಲಿ ಕಮಿಟಿಯವರು ಕೊನೆಯ ಪಂಕ್ತಿಯಲ್ಲಿ ಕೂರಲಿ. ಪಾತ್ರೆ ತಳ ಕಂಡಿದ್ದರೆ ಅವರೇ ಅನ್ನ-ಸಾರಿನಲ್ಲಿ ಮುಗಿಸಲಿ.

ಸುಳ್ಳು ದೀನತೆಯ ಬಗ್ಗೆಯೂ ಎಚ್ಚರ ಬೇಕು. ಕಾಯರ್ ನಡೆಸಲು ಕರೆದಾಗ "ಅಯ್ಯೋ, ನಾನು ಯಾವ ದೊಡ್ಡ ಮನುಷ್ಯ" ಎಂದು ಹಿಂದೆ ಸರಿದು, ನಾಲ್ಕು ಜನ ಬೇಡಿಕೊಳ್ಳಲಿ ಎಂದು ಕಾಯುವುದೂ ಹಮ್ಮೇ. ಬರುತ್ತದೆ ಎಂದರೆ ಬರುತ್ತದೆ ಎಂದು ಒಪ್ಪಿ ಮಾಡಿ. ಬಾರದಿದ್ದರೆ ಬಾರದು ಎನ್ನಿ. ನಿಮಗಿಂತ ಚೆನ್ನಾಗಿ ಮಾಡುವ ಹುಡುಗಿಯೊಬ್ಬಳು ಬೆಳೆದು ಬಂದ ದಿನ ಕೀಬೋರ್ಡ್ ಅವಳಿಗೆ ಬಿಟ್ಟುಕೊಡಿ, ತಪ್ಪು ಹುಡುಕುತ್ತಾ ಪಕ್ಕದಲ್ಲಿ ನಿಲ್ಲಬೇಡಿ.

ತಿದ್ದುವಾಗ

ಗಲಾತ್ಯ 6ನೇ ಅಧ್ಯಾಯ ತಪ್ಪಿದವನನ್ನು ಶಾಂತಭಾವದಿಂದ ತಿದ್ದಿ ಸರಿಮಾಡಿರಿ, ನೀವೂ ಶೋಧನೆಗೆ ಒಳಗಾಗದಂತೆ ನೋಡಿಕೊಳ್ಳಿರಿ ಎನ್ನುತ್ತದೆ. ಮತ್ತಾಯ 18 ಇನ್ನೂ ಸ್ಪಷ್ಟ. ಮೊದಲು ಒಬ್ಬರೇ ಹೋಗಿ, ಅವನೊಬ್ಬನೇ ಇರುವಾಗ ಹೇಳಿ. ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಕಾಣಿಕೆಯ ಲೆಕ್ಕ ಕೇಳುವುದು ಈ ಕ್ರಮವನ್ನು ತಲೆಕೆಳಗೆ ಮಾಡಿದಂತೆ. ಲೆಕ್ಕ ಕೇಳಬೇಕು, ಅದು ಸಭೆಯ ಹಣ. ಖಜಾಂಚಿಯನ್ನು ಕಂಡು ಪುಸ್ತಕ ನೋಡಿ, ಸಂಶಯ ಉಳಿದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಯ ಮುಂದೆ ತನ್ನಿ. ಪುಸ್ತಕ ತೋರಿಸಲು ಒಪ್ಪದ ಖಜಾಂಚಿಗೆ ಮೆತ್ತಗಿನ ಮಾತಿನಲ್ಲೇ ಗಟ್ಟಿಯಾಗಿ ಹೇಳಬಹುದು: "ಅಣ್ಣಾ, ನಿಮ್ಮ ಮೇಲೆ ಅನುಮಾನ ಎಂದಲ್ಲ. ಆದರೆ ಪುಸ್ತಕ ನೋಡದೆ ನಾನು ಸಹಿ ಹಾಕುವುದಿಲ್ಲ."

ಇಬ್ಬರ ನಡುವೆ ರಾಜಿ ಮಾಡಿಸುವವರು ಫಿಲಿಪ್ಪಿ 4ನೇ ಅಧ್ಯಾಯ ನೋಡಿ. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಜಗಳ. ಪೌಲನು ಇಬ್ಬರನ್ನೂ ಬೇರೆ ಬೇರೆಯಾಗಿ ಹೆಸರಿಡಿದು ಬೇಡಿಕೊಳ್ಳುತ್ತಾನೆ, ತಪ್ಪು ಯಾರದೆಂದು ಹೇಳುವುದಿಲ್ಲ. ಸುವಾರ್ತೆಗಾಗಿ ಅವರು ಪಟ್ಟ ಕಷ್ಟವನ್ನು ಮಾತ್ರ ಎಲ್ಲರ ಮುಂದೆ ನೆನೆಯುತ್ತಾನೆ. ರಾಜಿ ಮಾತಿಗೆ ಕೂರುವಾಗ ನೀವೂ ಹಾಗೇ, ಇಬ್ಬರೂ ಸಭೆಗೆ ದುಡಿದದ್ದನ್ನು ಹೇಳಿ ಮಾತು ಶುರು ಮಾಡಿ.

ಊರಿನ ಆಸ್ತಿ

ಮುಂಬೈಯ ನಮ್ಮ ಕುಟುಂಬಗಳನ್ನು ಊರಿನ ಮನೆ-ಹೊಲ ಒಡೆದಷ್ಟು ಬೇರೇನೂ ಒಡೆದಿಲ್ಲ. ಅಬ್ರಹಾಮ-ಲೋಟರ ಕಥೆ ಎಲ್ಲರಿಗೂ ಗೊತ್ತು. ದನಗಾಹಿಗಳಿಗೆ ಜಗಳವಾದಾಗ ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಎಂದವನು ಅಬ್ರಹಾಮ. ಅವನು ಚಿಕ್ಕಪ್ಪ, ಹಿರಿಯ, ಮೊದಲು ಆರಿಸುವ ಹಕ್ಕು ಅವನದು. ಬಿಟ್ಟುಕೊಟ್ಟದ್ದು ಬಲ ಇದ್ದವನು.

ನಮ್ಮಲ್ಲಿ ಆಗುವುದು ಬೇರೆ. ಅಣ್ಣಂದಿರು ಕೂತು ತಂಗಿಯನ್ನು ಕರೆದು, "ನೀನು ಸಂಬಂಧ ಕೆಡಿಸಬೇಡಮ್ಮ, ಹಕ್ಕು ಬಿಟ್ಟೆ ಎಂದು ಒಂದು ಸಹಿ ಹಾಕು" ಎನ್ನುತ್ತಾರೆ. ದೀನತೆಯನ್ನು ಅವಳಿಂದ ವಸೂಲಿ ಮಾಡುತ್ತಾರೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ತಾಯಿ ಇದ್ದರೆ ಅವರಿಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು-ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲು. ಅಣ್ಣನಾದವನು ಸಾತ್ವಿಕತೆ ಕಲಿಯಬೇಕೆಂದರೆ ಮೊದಲು ತಂಗಿಯ ಪಾಲನ್ನು ಲೆಕ್ಕ ಹಾಕಿ ಅವಳ ಮುಂದಿಡಲಿ. ಆಮೇಲೆ ಅವಳು ಬೇಡ ಎಂದರೆ ಅದು ಅವಳ ಕೊಡುಗೆ. ತಂಗಿಯೂ ತನ್ನ ಪಾಲು ಕೇಳಿದ ಮಾತ್ರಕ್ಕೆ ಆಸೆಬುರುಕಿ ಆಗುವುದಿಲ್ಲ.

ಕ್ಷಮೆ ಕೇಳುವ ಕ್ರಮ

ಇಷ್ಟೆಲ್ಲ ಮಾಡಿಯೂ ಮಾತು ಜಾರುತ್ತದೆ. ಆಗ ಬೇಗ ಹೋಗಿ. ಮತ್ತಾಯ 5ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನ ಸಂಗಡ ಒಂದಾಗು ಎಂದಿದೆ. ಆರಾಧನೆ ಮುಗಿಯುವ ತನಕವೂ ಕಾಯಲು ಹೇಳಿಲ್ಲ.

ಫೋನ್ ಸಾಲದು, ಮನೆಗೆ ಹೋಗಿ. ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಿ. "ನಿಮಗೆ ಬೇಜಾರಾಗಿದ್ದರೆ ಸಾರಿ" ಎನ್ನುವುದು ತಪ್ಪನ್ನು ಅವರ ಮೇಲೇ ಹೊರಿಸಿದ ಹಾಗೆ ಅಲ್ವಾ? "ಅಕ್ಕಾ, ಮೊನ್ನೆ ಮೀಟಿಂಗಿನಲ್ಲಿ ನಿಮ್ಮ ಮಗನ ವಿಷಯ ಎತ್ತಿದ್ದು ತಪ್ಪು, ಕ್ಷಮಿಸಿ" ಎನ್ನಿ. ಆ ಮೇಲೆ "ಆದರೆ" ಎಂದು ಶುರು ಮಾಡಬೇಡಿ. ಗ್ರೂಪಿನಲ್ಲಿ ಬೈದಿದ್ದರೆ ಗ್ರೂಪಿನಲ್ಲೂ ಎರಡು ಸಾಲು ಬರೆಯಿರಿ. ದುಡ್ಡಿನ ವಿಷಯವಾದರೆ ದುಡ್ಡು ತೆಗೆದುಕೊಂಡೇ ಹೋಗಿ. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನಲ್ಲಾ. ಚಿಕ್ಕವರ ಮುಂದೆ, ಸೊಸೆಯ ಮುಂದೆ, ಸ್ವಂತ ಮಕ್ಕಳ ಮುಂದೆ ಕ್ಷಮೆ ಕೇಳಲು ಹಿಂಜರಿಯಬೇಡಿ. ಹಾಗೆ ಕೇಳಿದ ಅಪ್ಪ-ಅಮ್ಮಂದಿರ ಮೇಲೆ ಮಕ್ಕಳಿಗೆ ಗೌರವ ಹೆಚ್ಚುತ್ತದೆ.

ಅವರು ಆ ದಿನವೇ ಕ್ಷಮಿಸದೆ ಇರಬಹುದು. ಚಹಾ ಕೂಡ ಕೊಡದೆ ಕಳಿಸಬಹುದು. "ನಾನು ಇಷ್ಟು ತಗ್ಗಿ ಬಂದೆ, ಅವರು ನೋಡಿ" ಎಂದು ಅಲ್ಲಿಂದಲೇ ಇನ್ನೊಬ್ಬರಿಗೆ ಫೋನ್ ಮಾಡಬೇಡಿ. ಮುಂದಿನ ಭಾನುವಾರ ಎಂದಿನಂತೆ ಕುಶಲ ಕೇಳಿ, ಅವರ ಮನೆಯಲ್ಲಿ ಕಾಯಿಲೆಯೋ ಸಾವೋ ಆದರೆ ಹೋಗಿ ಕೆಲಸಕ್ಕೆ ನಿಲ್ಲಿ. ಮಾತಾಡುವ ದಿನವನ್ನು ಅವರೇ ಆರಿಸಿಕೊಳ್ಳಲಿ.